ಫಿಕ್ಸೆಡ್ ಹಾಕ್ಲಾ, ರಾಂಡಮ್ ಹಾಕ್ಲಾ?

ದಾವಣಗೆರೆಯಲ್ಲಿ ಒಂದು ಮದುವೆ. ಊಟ ಮುಗಿಸಿ ಕೈ ತೊಳೆಯೋ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಒಬ್ಬ ಹುಡುಗ, "ಸಾರ್, ಥೀಸಿಸ್‌ಗೆ ಊರನ್ನ ಫಿಕ್ಸೆಡ್ ಹಾಕ್ಲಾ, ರಾಂಡಮ್ ಹಾಕ್ಲಾ?" ಅಂದ. ಖಾಲಿ ದೋಸೆನಾ, ಓಪನ್ ದೋಸೆನಾ ಅನ್ನೋ ಥರ. ಏನು ಡೇಟಾ ಅಂದ್ರೆ, "ಮೆಕ್ಕೆಜೋಳ ಸಾರ್." ಅಷ್ಟೇ.

ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಓದಿಕೊಳ್ಳಿ. ಸ್ಟಾಟಿಸ್ಟಿಕ್ಸ್ ಲೆಕ್ಕದಲ್ಲಿ ಊರು, ತಾಲೂಕಿನಂಥ ಗುಂಪುಗಳ ವ್ಯತ್ಯಾಸ ಹಿಡಿಯೋ ಎರಡು ದಾರಿ ಇವು. ಸುಮಾರಾಗಿ ಹೇಳೋದಾದರೆ, ಫಿಕ್ಸೆಡ್ ಅಂದ್ರೆ ಪ್ರತಿ ಗುಂಪಿಗೂ ಅದರದ್ದೇ ಒಂದು ಅಂಕಿ, ರಾಂಡಮ್ ಅಂದ್ರೆ ಗುಂಪುಗಳೆಲ್ಲಾ ಒಂದೇ ಡಬ್ಬಿಯಿಂದ ಎತ್ತಿದ ಚೀಟಿಗಳು ಅಂತ ಲೆಕ್ಕ.

ಜಿಲ್ಲೆಯಲ್ಲಿ 6 ತಾಲೂಕು. ಜಗಳೂರಿನ ಇಳುವರಿಗೂ ಹರಿಹರದ ಇಳುವರಿಗೂ ಎಷ್ಟು ವ್ಯತ್ಯಾಸ ಅಂತ ಹೇಳೋದೇ ನಿಮ್ಮ ಕೆಲಸವಾದರೆ ತಾಲೂಕು ಫಿಕ್ಸೆಡ್. ಆದರೆ ಚೀಟಿ ಎತ್ತಿ 40 ಊರು ಆರಿಸಿದಿರಿ ಅನ್ನಿ. ಬೇರೆ 40 ಬಂದಿದ್ದರೂ ನಡೀತಿತ್ತು, ಅಲ್ವಾ? ನಿಮಗೆ ಬೇಕಿರೋದು ಊರಿಂದ ಊರಿಗೆ ಇಳುವರಿ ಎಷ್ಟು ಏರುಪೇರಾಗುತ್ತೆ ಅನ್ನೋದು. ಅದು ರಾಂಡಮ್. ಎರಡೇ ಹೊಲ ಅಳೆದ ಊರಿನ ಲೆಕ್ಕವನ್ನ ಅದು ಪೂರ್ತಿ ನಂಬಲ್ಲ, ಒಟ್ಟು ಸರಾಸರಿ ಕಡೆಗೆ ಎಳೆಯುತ್ತದೆ.

ಎಕನಾಮಿಕ್ಸ್‌ನವರ ಚಿಂತೆ ಬೇರೆ. ಭದ್ರಾ ನಾಲೆ ನೀರು ಬರೋ ಊರಿನವರು ಗೊಬ್ಬರವನ್ನೂ ಜಾಸ್ತಿ ಹಾಕ್ತಾರೆ ಅಂದುಕೊಳ್ಳಿ, ನಾಲೆಯ ವಿಷಯ ನಿಮ್ಮ ಡೇಟಾದಲ್ಲಿ ಇಲ್ಲ. ಆಗ ರಾಂಡಮ್ ಹಾಕಿದರೆ ನೀರು ಮಾಡಿದ ಕೆಲಸದ ಹೆಸರು ಗೊಬ್ಬರಕ್ಕೆ ಹೋಗುತ್ತದೆ. ಫಿಕ್ಸೆಡ್ ಹಾಕಿದರೆ ಒಂದೇ ಊರಿನ ಹೊಲಗಳನ್ನ ಪರಸ್ಪರ ಹೋಲಿಸಿದ ಹಾಗೆ, ನಾಲೆ ಇಬ್ಬರಿಗೂ ಒಂದೇ. ಅದಕ್ಕೇ ಎರಡೂ ಹಾಕಿ ಉತ್ತರ ತಾಳೆಯಾಗುತ್ತಾ ಅಂತ ನೋಡೋ 1978ರ ಹೌಸ್‌ಮನ್ ಟೆಸ್ಟ್ ಮಾಡ್ತಾರೆ, ಬಂದ ಉತ್ತರವನ್ನ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಳ್ತಾರೆ.

ಗೊಂದಲ ನನ್ನದಲ್ಲ ಮಾರಾಯ್ರೇ. ಸ್ಟಾಟಿಸ್ಟಿಕ್ಸ್ ಪಂಡಿತ ಆಂಡ್ರ್ಯೂ ಗೆಲ್ಮನ್ 2005ರಲ್ಲೇ ಈ ಎರಡು ಪದಗಳಿಗೆ ಐದು ಬೇರೆ ಬೇರೆ ಅರ್ಥ ಹುಡುಕಿ ಪಟ್ಟಿ ಮಾಡಿದ್ದಾರೆ, ಒಂದಕ್ಕೊಂದು ತಾಳೆಯಾಗಲ್ಲ. ಐದು!

ಆ ಹುಡುಗ ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ಕೆದಕಿದ ಮೇಲೆ ಗೊತ್ತಾಯಿತು, ಅವನು ಹೋಗಿದ್ದು 3 ಊರಿಗೆ, ಒಂದೊಂದರಲ್ಲಿ 80 ಹೊಲ. "ಸ್ಯಾಂಪಲ್ 240 ಸಾರ್," ಅಂದ ಹೆಮ್ಮೆಯಿಂದ. ಊರುಗಳ ಏರುಪೇರಿನ ಮಾತಿಗೆ ನಿನ್ನ ಸ್ಯಾಂಪಲ್ 3 ಕಣಪ್ಪಾ! ಎಷ್ಟು ಊರಿಗೆ ಹೋಗಲಿ, ಊರಿಗೆ ಎಷ್ಟು ಹೊಲ ಸಾಕು ಅಂತ ಬೈಕ್ ಹತ್ತೋ ಮುಂಚೆ ಈ ಥೀಸಿಸ್‌ನವರಲ್ಲಿ ಒಬ್ಬರೂ ಕೇಳಿಲ್ಲ. ಎಲ್ಲಾ ಮುಗಿದ ಮೇಲೆ, ಸಾಫ್ಟ್‌ವೇರ್ ಕೆಂಪಕ್ಷರದಲ್ಲಿ ಬೈದ ಮೇಲೆ ನಾನು ನೆನಪಾಗ್ತೀನಿ.

ಇಷ್ಟೂ ಹೇಳಿದೆ. ಅವನು ತಲೆ ಆಡಿಸಿದ.

"ಹಂಗಾದ್ರೆ ಫಿಕ್ಸೆಡ್ ಹಾಕ್ಲಾ ಸಾರ್?"

ಹಾಕಪ್ಪಾ, ಆದರೆ ಆ ಮೂರು ಊರಿನ ಮಾತಷ್ಟೇ ಆಡು ಅಂದೆ. ನನ್ನ ಕೈ ಆಗಲೇ ಒಣಗಿತ್ತು, ಸಾರು ಸಮೇತ.