ಎರವಲು ವಹಿಯಲ್ಲೊಂದು ಸಹಿ

ಇಂದು ಸಂಜೆ ನಮ್ಮೂರ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಬದುಕಿನ ಮೊದಲ ಸಹಿ ಮಾಡುವುದನ್ನು ನೋಡಿದೆ.

"ಸಹಿ ಅಂದ್ರೆ ಹೆಂಗೆ ಮಾಡ್ಬೇಕು ಸಾರ್?" ಎಂದು ಅವಳು ಕೇಳಿದಾಗ, ಮೇಲ್ವಿಚಾರಕರು ಎರವಲು ವಹಿಯನ್ನು ಅವಳತ್ತ ತಿರುಗಿಸಿ, "ನಿನ್ನ ಹೆಸರೇ ಬರಿಯವ್ವ, ಅದೇ ಸಹಿ" ಎಂದರು. ತುಟಿ ಕಚ್ಚಿಕೊಂಡು, ಗೆರೆ ದಾಟದಂತೆ, ಒಂದೊಂದೇ ಅಕ್ಷರವನ್ನು ಅವಳು ಎಷ್ಟು ಒತ್ತಿ ಬರೆದಳೆಂದರೆ ಅದರ ಅಚ್ಚು ಮುಂದಿನ ಹಾಳೆಯಲ್ಲಿಯೂ ಮೂಡಿತು.

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವ ಉಚಿತ. ಗಟ್ಟಿ ಓದು, ಕಥೆ ಹೇಳುವುದು, ಚದುರಂಗ ಎಲ್ಲವೂ ಇಲ್ಲಿ ನಡೆಯುತ್ತವೆ. ಪ್ರೌಢಶಾಲೆಯ ಮಕ್ಕಳೂ ಬಂದು ಕೂರುತ್ತಾರೆ. ಆದರೆ ಬೀಗ ಹಾಕಿದ ಬೀರುವಿನ ಗಾಜಿನಾಚೆಯಿಂದಲೇ ಪುಸ್ತಕಗಳ ಬೆನ್ನು ಓದಿ ಬೆಳೆದ ನನಗೆ, ಮಗುವಿನ ಕೈಗೆ ಪುಸ್ತಕ ಕೊಟ್ಟು ‘ಮನೆಗೆ ಒಯ್ಯಿ’ ಎನ್ನುವ ಆ ನಂಬಿಕೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೊರಗೆ ಹನಿ ಬೀಳತೊಡಗಿತ್ತು. ಅವಳು ಪುಸ್ತಕವನ್ನು ಸ್ವೆಟರಿನೊಳಗೆ ಸೇರಿಸಿಕೊಂಡು ಮೆಟ್ಟಿಲಿಳಿದವಳು, ಮತ್ತೆ ಹಿಂದಿರುಗಿ ಬಂದು, ಎಂದು ವಾಪಸು ಕೊಡಬೇಕೆಂದು ಇನ್ನೊಮ್ಮೆ ಕೇಳಿ ತಿಳಿದುಕೊಂಡು ಓಡಿದಳು.