ಗುಜೋದಲ್ಲಿ ನೀರು ನೋಡುವ ಮೊದಲು ಬಸ್ ನಿಲ್ದಾಣ ನೋಡಿಕೊಳ್ಳಿ

ಒರತೆ, ಕಾಲುವೆಗಳಿಗೆ ಹೆಸರಾದ ಜಪಾನಿನ ಗುಜೋ ಹಾಚಿಮನ್‌ಗೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಊರಿನ ಹೆಸರಿರುವ ನಿಲ್ದಾಣದಲ್ಲಿ ಇಳಿದರೆ ಊರಿಗೆ ಬಂದಂತಲ್ಲ. ನಗೋಯಾದಲ್ಲಿ ಕೆಲಸದಲ್ಲಿರುವ ಮಗ ನಮ್ಮಿಬ್ಬರಿಗೂ ತಕಯಾಮಾ ಕಡೆಗೆ ಹೋಗುವ ಬಸ್ಸಿನ ಟಿಕೆಟ್ ಮಾಡಿಸಿಕೊಟ್ಟಿದ್ದ. ಪರದೆಯ ಮೇಲೆ ಗುಜೋ ಹಾಚಿಮನ್ ಎಂದು ಬಂತು, ಇಳಿದೆವು, ಬಸ್ಸು ಹೋಯಿತು. ನೋಡಿದರೆ ನಾವು ನಿಂತಿದ್ದು ಹೆದ್ದಾರಿಯ ಅಂಚಿನಲ್ಲಿ. ಸುತ್ತ ಗುಡ್ಡ, ಲಾರಿಗಳ ಸದ್ದು. ಹೆಸರಿನ ಕೊನೆಗೆ ‘ಇಂಟರ್‌ಚೇಂಜ್’ ಎಂದೂ ಇದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಕಣ್ಣಳತೆಯಲ್ಲಿ ಒಂದು ಟ್ಯಾಕ್ಸಿಯೂ ಇಲ್ಲ. ಜೂನ್ ತಿಂಗಳ ಸೆಕೆಯಲ್ಲಿ, ಚಕ್ರದ ಪೆಟ್ಟಿಗೆ ಎಳೆದುಕೊಂಡು ಅರ್ಧ ಗಂಟೆಗೂ ಮಿಕ್ಕಿ ನಡೆದೆವು. ನಮ್ಮ ಯಜಮಾನರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಗಿಫು ನಗರದಿಂದ ಬರುವ ಬಸ್ಸುಗಳಲ್ಲಿ ಊರ ನಡುವಿನ ‘ಜೋಕಾಮಾಚಿ ಪ್ಲಾಜಾ’ದವರೆಗೆ ಬರುವಂಥವು ಇವೆ. ಟಿಕೆಟ್ ಮೇಲೆ ಆ ಹೆಸರಿದೆಯೇ ಎಂದು ನೋಡಿಯೇ ದುಡ್ಡು ಕೊಡಿ. ಮಿನೋ ಓಟಾದಿಂದ ನಗಾರಾ ನದಿಯ ಪಕ್ಕದಲ್ಲೇ ಬರುವ ಪುಟ್ಟ ರೈಲೂ ಇದೆ, ಆದರೆ ಅದು ಜೆಆರ್ ಎಂಬ ಜಪಾನಿನ ದೊಡ್ಡ ರೈಲು ಸಂಸ್ಥೆಯದ್ದಲ್ಲ. ಜೆಆರ್ ಪಾಸ್ ತೋರಿಸಿದರೆ ನಡೆಯುವುದಿಲ್ಲ. ಆ ನಿಲ್ದಾಣದಿಂದಲೂ ಪೇಟೆಗೆ ಇಪ್ಪತ್ತು ನಿಮಿಷದ ನಡಿಗೆ.

ಊರೊಳಗೆ ಕಾಲಿಟ್ಟ ಕೂಡಲೇ ಬಾಯಾರಿಕೆಗೆ ಯಂತ್ರದಲ್ಲಿ ನಾಣ್ಯ ಹಾಕಿ ನೀರಿನ ಬಾಟಲಿ ಕೊಂಡೆ. ಹತ್ತು ಹೆಜ್ಜೆ ಮುಂದೆ ಹೋದರೆ ರಸ್ತೆ ಬದಿಯ ತೊಟ್ಟಿಯಲ್ಲಿ ಒರತೆಯ ನೀರು ತಾನಾಗಿ ತುಂಬಿ ಹರಿಯುತ್ತಿದೆ, ಪಕ್ಕದಲ್ಲಿ ಸೌಟು ಇಟ್ಟಿದ್ದಾರೆ. ಯಜಮಾನರು ಆಗ ಬಾಯಿ ಬಿಟ್ಟರು, ನಗುವುದಕ್ಕೆ.

ಎಲ್ಲರೂ ಹುಡುಕಿಕೊಂಡು ಹೋಗುವುದು ಸೋಗಿಸುಯಿ ಎಂಬ ಚಿಲುಮೆಯನ್ನು. 1985ರಲ್ಲಿ ಜಪಾನಿನ ಪರಿಸರ ಇಲಾಖೆ ನೂರು ಶ್ರೇಷ್ಠ ಜಲಮೂಲಗಳ ಪಟ್ಟಿ ಮಾಡಿದಾಗ ಇದಕ್ಕೂ ಜಾಗ ಸಿಕ್ಕಿತ್ತು. ಹದಿನೈದನೆಯ ಶತಮಾನದ ಕವಿ ಸೋಗಿ ಇದರ ಹತ್ತಿರ ವಾಸವಿದ್ದನೆಂದು ಆ ಹೆಸರು. ಇಷ್ಟೆಲ್ಲ ಕೇಳಿಕೊಂಡು ಹೋದರೆ ಸಿಗುವುದು ಗುಡಿಯಂಥ ಮಾಡಿನ ಕೆಳಗೆ, ನಮ್ಮ ಬಚ್ಚಲ ಹಂಡೆಗಿಂತ ಒಂದಿಷ್ಟು ದೊಡ್ಡದು ಎನ್ನಬಹುದಾದ ನೀರು. ‘ಇಷ್ಟೇನಾ’ ಎಂದು ಇಬ್ಬರಿಗೂ ಅನಿಸಿತು. ನಮ್ಮ ಹಿಂದೆ ಬಂದ ಗುಂಪು ಫೋಟೊ ತೆಗೆದು ಎರಡು ನಿಮಿಷದಲ್ಲಿ ಹೊರಟುಹೋಯಿತು. ಅವರನ್ನು ದೂರುವಂತಿಲ್ಲ.

ಅಲ್ಲಿ ಕುಳಿತರೆ ಮಾತ್ರ ಬೇರೆಯೇ ಕಾಣುತ್ತದೆ. ಮೇಲಿನ ಪಾಲು ಕುಡಿಯಲು, ಅದರ ಕೆಳಗಿನದು ಅಕ್ಕಿ ತೊಳೆಯಲು, ಮುಂದಿನದು ತರಕಾರಿಗೆ, ಹೀಗೆ ನೀರಿಗೆ ಮೆಟ್ಟಿಲುಗಳಿವೆ. ಮನೆಗಳ ಮುಂದಿನ ತೊಟ್ಟಿಗಳಿಗೆ ‘ಮಿಜುಬುನೆ’ ಎನ್ನುತ್ತಾರೆ. ಅಲ್ಲಿಯೂ ಅದೇ ಕ್ರಮ: ಮೊದಲ ತೊಟ್ಟಿಯಲ್ಲಿ ಕುಡಿಯುವ ನೀರು, ಕೊನೆಯದರಲ್ಲಿ ಮುಸುರೆ ಪಾತ್ರೆ. ಉದುರಿದ ಅನ್ನದ ಅಗುಳು ಕೆಳಗಿನ ಮೀನಿಗೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನನ್ನ ತವರಿನಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹಿತ್ತಿಲಿಗೆ ಬರುತ್ತಿತ್ತು. ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೆ, ಮಿಕ್ಕದ್ದು ಕೆಸುವಿನ ಬುಡಕ್ಕೆ. ನಮ್ಮಲ್ಲಿ ಪಂಪು ಬಂದ ಮೇಲೆ ದಂಬೆ ಹೋಯಿತು. ಇಲ್ಲಿನವರು ನಲ್ಲಿಯನ್ನೂ ಇಟ್ಟುಕೊಂಡು ತೊಟ್ಟಿಯನ್ನೂ ಉಳಿಸಿಕೊಂಡಿದ್ದಾರೆ.

ಬೀದಿಯ ಅಂಚಿನ ಕಾಲುವೆಗಳು ಅಲಂಕಾರಕ್ಕೆ ಮಾಡಿದವಲ್ಲ. ಮರದ ಮನೆಗಳು ಒತ್ತೊತ್ತಾಗಿರುವ ಊರು. ಹದಿನೇಳನೆಯ ಶತಮಾನದ ಬೆಂಕಿ ಅನಾಹುತದ ನಂತರ ಬೆಂಕಿ ಆರಿಸಲು ಕಾಲುವೆ ತೋಡಿದರು. ಆದರೂ 1919ರಲ್ಲಿ ಊರಿನ ಉತ್ತರ ಭಾಗ ಸುಟ್ಟುಹೋಗಿತ್ತು. ಕಾಲುವೆಗೆ ಅಡ್ಡ ಇಡಲು ಒಂದು ಹಲಗೆ ಇರುತ್ತದೆ. ಬೇಕಾದಾಗ ಇಳಿಸಿದರೆ ನೀರು ಕಟ್ಟಿಕೊಂಡು ಏರುತ್ತದೆ. ಸಂಜೆ ಒಬ್ಬ ಅಜ್ಜ ಹಾಗೆ ನೀರು ಕಟ್ಟಿ, ಮೊಗೆದು ಮನೆಯ ಮುಂದಿನ ರಸ್ತೆಗೆ ಚೆಲ್ಲಿ, ಮತ್ತೆ ಹಲಗೆ ಎತ್ತಿಟ್ಟು ಒಳಗೆ ಹೋದ. ಇಡೀ ಪ್ರವಾಸದಲ್ಲಿ ನನಗೆ ಹಿಡಿಸಿದ ದೃಶ್ಯ ಇದೇ. ಇದಕ್ಕೆ ಟಿಕೆಟ್ ಇಲ್ಲ.

ನಡೆಯುವುದಕ್ಕೆ ಇಗಾವಾ ಓಣಿ ಒಳ್ಳೆಯದು. ನೂರು ಮೀಟರಿನಷ್ಟು ಉದ್ದ, ಕೈ ಅಗಲಿಸಿದರೆ ಗೋಡೆ ತಾಗುವಷ್ಟು ಕಿರಿದು. ಪಕ್ಕದ ಕಾಲುವೆಯಲ್ಲಿ ಮೊಳದುದ್ದದ ಮೀನುಗಳು. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋದರೆ ನಿಮ್ಮದೇ. ಹತ್ತಕ್ಕೆ ಪ್ರವಾಸಿ ಬಸ್ಸುಗಳು ಬಂದರೆ ಎದುರಾದವರಿಗೆ ದಾರಿ ಬಿಡುವುದೇ ಕೆಲಸ. ನನಗೆ ಜನಸಂದಣಿ ಕಂಡರೆ ತಲೆನೋವು, ಹಾಗಾಗಿ ಯಾನಕಾದ ಕಲ್ಲುಹಾಸಿನ ಓಣಿಯನ್ನು ದೂರದಿಂದ ನೋಡಿ ಬಂದೆ. ಹಿರಿಯರನ್ನು ನೆನೆಯುವ ಬೊನ್ ಹಬ್ಬದ ಕುಣಿತಕ್ಕೆ ಬರುವವರು ನನ್ನ ಮಾತು ಕೇಳಬೇಡಿ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಆರಂಭದವರೆಗೆ ಸುಮಾರು ಮೂವತ್ತು ರಾತ್ರಿ ಇಲ್ಲಿ ಕುಣಿಯುತ್ತಾರೆ, ಆಗಸ್ಟ್ 13ರಿಂದ 16ರವರೆಗೆ ಬೆಳಗಿನ ತನಕ. ಆಗ ಕೋಣೆ ಸಿಗುವುದೇ ಕಷ್ಟವಂತೆ. ನಾನಂತೂ ಅದನ್ನು ತಪ್ಪಿಸಿಕೊಳ್ಳಲೆಂದೇ ಜೂನ್‌ನಲ್ಲಿ ಬಂದದ್ದು.

ಊಟದ ವಿಷಯ ಸಸ್ಯಾಹಾರಿಗಳು ಗಮನವಿಟ್ಟು ಓದಬೇಕು. ಹೋಟೆಲುಗಳ ಕಿಟಕಿಯಲ್ಲಿಡುವ ಮೇಣದ ಊಟದ ಮಾದರಿಗಳ ಉದ್ಯಮ ಕಟ್ಟಿದ ಇವಾಸಾಕಿ ತಾಕಿಜೋ ಇದೇ ಊರಿನವರು. ನದಿಯ ಮೇಲಿನ ಒಂದು ಹೋಟೆಲಿನಲ್ಲಿ ಅಂಥ ಮಾದರಿ ತೋರಿಸಿ ಸೋಬಾ ಎಂಬ ಶಾವಿಗೆ ತರಿಸಿದೆವು. ಬಂದದ್ದು ಕಿಟಕಿಯಲ್ಲಿದ್ದದ್ದರ ಅರ್ಧ, ಬೆಲೆ ಮಾತ್ರ ಪೂರ್ತಿ. ಮೇಲಾಗಿ ಅದ್ದಿಕೊಳ್ಳುವ ಸಾರಿನಲ್ಲಿ ದಾಶಿ ಎಂಬ ಒಣಮೀನಿನ ರಸ. ಮಾದರಿ ನೋಡಿದರೆ ಸಾರಿನೊಳಗಿನ ಮೀನು ತಿಳಿಯುವುದಿಲ್ಲ. ಬರಿಯ ಶಾವಿಗೆ ತಿಂದು ಎದ್ದೆವು.

ಹೊಟ್ಟೆ ತುಂಬಿಸಿದ್ದು ಒಂದು ಹಿಂಬೀದಿಯ ಅಂಗಡಿ. ಬೋರ್ಡಿನಲ್ಲಿ ಒಂದಕ್ಷರವೂ ನನಗೆ ಅರ್ಥವಾಗಲಿಲ್ಲ, ಎರಡು ಬೆಂಚು, ಕೆಂಡದ ಒಲೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅನ್ನವನ್ನು ಅರೆಬರೆ ಕುಟ್ಟಿ, ಚಪ್ಪಟೆ ಕಡ್ಡಿಗೆ ಮೆತ್ತಿ, ಮಿಸೋ (ಹುದುಗಿಸಿದ ಸೋಯಾ ಹಿಟ್ಟು), ಅಕ್ರೋಟು, ಎಳ್ಳಿನ ಗೊಜ್ಜು ಸವರಿ ಸುಡುತ್ತಾರೆ. ಗೊಹೇಮೊಚಿ ಎಂದು ಹೆಸರು. ಗೊಜ್ಜು ಕೆಂಡಕ್ಕೆ ತೊಟ್ಟಿಕ್ಕಿದಾಗ ಬರುವ ಘಮ ಓಣಿಯ ತಿರುವಿನ ತನಕ ಇತ್ತು. ಅದನ್ನೇ ಹಿಡಿದು ಬಂದಿದ್ದೆವು. ಹೊರಗೆ ಸುಟ್ಟ ಹೊರಪದರ, ಒಳಗೆ ಬಿಸಿ ಅನ್ನ. ಜತೆಗೆ ಒರತೆಯ ನೀರಿನಲ್ಲಿ ತಣ್ಣಗಿಟ್ಟ ತೋಫು. ಅದರ ಮೇಲೆ ಮೀನಿನ ಪುಡಿ ಉದುರಿಸಲು ಕೈಯೆತ್ತಿದರು. ಮಗ ಬರೆದುಕೊಟ್ಟಿದ್ದ ‘ಕತ್ಸುಒಬುಶಿ ನಾಶಿ’, ಅಂದರೆ ಒಣಮೀನು ಬೇಡ, ಎಂಬ ಚೀಟಿ ತೋರಿಸಿದೆ. ಓದಿ, ನಕ್ಕು, ಅದರ ಬದಲು ಶುಂಠಿ ತುರಿದು ಹಾಕಿದರು. ಇಬ್ಬರೂ ಎರಡೆರಡು ಕಡ್ಡಿ ತಿಂದರೂ ಬೆಳಗಿನ ಸೋಬಾದ ಒಂದು ತಟ್ಟೆಯಷ್ಟು ಹಣವಾಗಲಿಲ್ಲ. ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಮರುದಿನವೂ ಅಲ್ಲಿಗೇ ಹೋದೆವು. ಆ ದಿನದ ಉಳಿದ ಭಾಗವೆಲ್ಲ ಮಳೆ.

ಊರ ಗುಡ್ಡದ ಮೇಲಿನ ಕೋಟೆ ಹತ್ತಲಿಲ್ಲ, ಮೊಣಕಾಲು ಒಪ್ಪಲಿಲ್ಲ. 1933ರಲ್ಲಿ ಮರದಲ್ಲೇ ಮತ್ತೆ ಕಟ್ಟಿದ್ದು. ಕೆಳಗಿನ ಸೇತುವೆಯಿಂದಲೂ ಚೆನ್ನಾಗಿಯೇ ಕಾಣುತ್ತದೆ. ಅದೇ ಸೇತುವೆಯ ಮೇಲಿಂದ ಬೇಸಿಗೆಯಲ್ಲಿ ಊರ ಹುಡುಗರು ಯೋಶಿದಾ ನದಿಗೆ ಹಾರುತ್ತಾರೆ. ಹೊರಗಿನವರು ಹಾರಬಾರದೆಂದು ಫಲಕವಿದೆ. ಅದನ್ನು ಯಜಮಾನರಿಗೆ ಎರಡು ಬಾರಿ ಓದಿ ಹೇಳಿದೆ.

ಹಿಂತಿರುಗುವಾಗ ಪ್ಲಾಜಾದಿಂದಲೇ ಬಸ್ಸು ಹತ್ತಿದೆವು. ಯಂತ್ರದಲ್ಲಿ ಕೊಂಡ ಬಾಟಲಿಗೆ ತೊಟ್ಟಿಯ ನೀರು ತುಂಬಿಸಿಕೊಂಡಿದ್ದೆ. ನಗೋಯಾ ತಲುಪುವಷ್ಟರಲ್ಲಿ ಯಜಮಾನರೇ ಅದನ್ನು ಖಾಲಿ ಮಾಡಿದ್ದರು.