ಮೋಟಾರು ಆಫ್ ಮಾಡಿ ತುಳಿದು ನೋಡಿದಿರಾ?

ಈ ವಾರವಿಡೀ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ: "ಮೋಟಾರು ಆಫ್ ಮಾಡಿ ತುಳಿದು ನೋಡಿದಿರಾ ಅಮ್ಮ?"

ಕೇಳಿದವರು ಮೈಸೂರಿನ ಕುವೆಂಪುನಗರದ ನಮ್ಮ ಹಳೆಯ ಸೈಕಲ್ ಮೆಕ್ಯಾನಿಕ್. ಮಗನ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಹೋದಾಗ, ತುಳಿಯಲು ಬ್ಯಾಟರಿ ಮೋಟಾರಿನ ನೆರವಿರುವ ಇ-ಸೈಕಲ್ ಕೊಳ್ಳಬೇಕೆಂದಿದ್ದೇನೆ ಎಂದು ಮಾತಿಗೆ ಹೇಳಿದೆ. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವರು ತಲೆ ಎತ್ತದೆಯೇ ಅದೊಂದನ್ನು ಕೇಳಿದರು. ಬೆಲೆ ಕೇಳಲಿಲ್ಲ, ಕಂಪನಿ ಕೇಳಲಿಲ್ಲ.

ಹಿಂದಿನ ದಿನವಷ್ಟೇ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆವು. ಸೈಕಲ್ ಬೇಕಿದ್ದದ್ದು ನನಗೆ. ಅಲ್ಲಿನ ಯುವಕ ವಿವರಿಸಿದ್ದೆಲ್ಲ ನನ್ನ ಗಂಡನಿಗೆ. "ಸರ್, ಮೇಡಂಗೆ ತುಳಿಯುವ ಕಷ್ಟವೇ ಇಲ್ಲ. ಥ್ರಾಟಲ್ ಒತ್ತಿದರೆ ಸಾಕು. ಒಂದು ಚಾರ್ಜಿಗೆ 80 ಕಿಲೋಮೀಟರ್." ತುಳಿಯಬೇಕೆಂದೇ ಬಂದಿದ್ದೇನಪ್ಪ ಎಂದೆ. ನಕ್ಕು, ಮತ್ತೆ ಅವರ ಕಡೆಗೇ ತಿರುಗಿದ. ನಲವತ್ತು ದಾಟಿದ ಹೆಂಗಸು ಮೈ ದಣಿಸಲೆಂದು ದುಡ್ಡು ಕೊಡುತ್ತಾಳೆ ಎಂಬುದು ಅವನ ಊಹೆಗೂ ನಿಲುಕಲಿಲ್ಲ. ಹೊರಡುವಾಗ ದನಿ ತಗ್ಗಿಸಿ, ಬೇಕಾದರೆ ವೇಗದ ಮಿತಿ ತೆಗೆದುಕೊಡುತ್ತೇವೆ ಎಂದ. ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮೋಟಾರು 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವುದರಿಂದಲೇ ಇದಕ್ಕೆ ನೋಂದಣಿ, ಲೈಸೆನ್ಸ್ ಬೇಡ. ಮಿತಿ ಕಿತ್ತುಹಾಕಿದರೆ ಅದು ಸೈಕಲ್ ಎನಿಸಿಕೊಳ್ಳುವುದಿಲ್ಲ.

ಮೇಟಗಳ್ಳಿಯ ನನ್ನ ಕಚೇರಿಗೆ ಮನೆಯಿಂದ ಸುಮಾರು 9 ಕಿ.ಮೀ. ರಕ್ತದ ಸಕ್ಕರೆ ಗಡಿಯಲ್ಲಿದೆ, ದಿನವೂ ವ್ಯಾಯಾಮ ಬೇಕು ಎಂದಿದ್ದಾರೆ ವೈದ್ಯರು. ಬರಿಯ ಸೈಕಲ್ಲಾದರೆ ಬೆಳಗ್ಗೆ ಬೆವರಿನಲ್ಲಿ ತೊಯ್ದೇ ಕುರ್ಚಿಯಲ್ಲಿ ಕೂರಬೇಕು. ನನಗೆ ಬೇಕಾದದ್ದು ಹೋಗುವಾಗ ಮೋಟಾರು ಹೆಚ್ಚು, ಬರುವಾಗ ಕಾಲು ಹೆಚ್ಚು ದುಡಿಯುವಂಥದ್ದು.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಇನ್ನೊಂದು ಅಂಗಡಿಗೆ ಹೋದೆ, ಈ ಸಲ ಒಬ್ಬಳೇ. ದಪ್ಪ ಟೈರಿನ, ನೋಡಲು ಗತ್ತಿನ ಸೈಕಲ್ಲನ್ನು ಮೋಟಾರು ಆಫ್ ಮಾಡಿ ತುಳಿದರೆ ಕಾಲಿಗೆ ಮರಳಿನ ಮೂಟೆ ಕಟ್ಟಿದಂತಿತ್ತು. ದಾರಿಯಲ್ಲಿ ಬ್ಯಾಟರಿ ಮುಗಿದರೆ ತಳ್ಳಿಕೊಂಡೇ ಬರಬೇಕು. ತೆಳು ಟೈರಿನ, ಏಳು ಗೇರಿನ ಇನ್ನೊಂದು ಮಾತ್ರ ಮೋಟಾರಿಲ್ಲದೆಯೂ ಸಲೀಸಾಗಿ ಸಾಗಿತು. ಅದರಲ್ಲಿದ್ದದ್ದು ಟಾರ್ಕ್ ಸೆನ್ಸರ್: ಪೆಡಲನ್ನು ನಾವು ಎಷ್ಟು ಒತ್ತುತ್ತೇವೆಯೋ ಅದಕ್ಕೆ ತಕ್ಕಷ್ಟು ನೆರವು. ಅಗ್ಗದವುಗಳಲ್ಲಿ ಇರುವ ಕೇಡೆನ್ಸ್ ಸೆನ್ಸರ್‌ಗೆ ಪೆಡಲು ತಿರುಗುತ್ತಿದೆ ಎಂಬುದಷ್ಟೇ ಗೊತ್ತು; ಕಾಲು ಸುಮ್ಮನೆ ಆಡುತ್ತಿದ್ದರೂ ಮೋಟಾರು ಎಳೆದುಕೊಂಡು ಹೋಗುತ್ತದೆ. ವ್ಯಾಯಾಮಕ್ಕೆಂದು ಕೊಳ್ಳುವವರು ಬ್ಯಾಟರಿಗಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

80 ಕಿಲೋಮೀಟರಿನ ಲೆಕ್ಕವನ್ನೂ ಮನೆಯಲ್ಲಿ ಹಾಕಿದೆ. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ ಅದರಲ್ಲಿ ತುಂಬುವ ವಿದ್ಯುತ್ತು 360 ವಾಟ್-ಅವರ್. ಸಾಧಾರಣ ನೆರವಿನಲ್ಲಿ ಕಿಲೋಮೀಟರಿಗೆ ಹತ್ತು ವಾಟ್-ಅವರ್ ಹಿಡಿದರೂ ಮೂವತ್ತಾರು ಕಿಲೋಮೀಟರ್. ನನ್ನ ಹೋಗಿಬರುವ ದಾರಿಗೆ ಧಾರಾಳವಾಯಿತು, ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ವಿದ್ಯುತ್ತೂ ಬೇಡ. ಇಷ್ಟು ಚೆನ್ನಾಗಿರುವ ನಿಜವನ್ನು ಬಿಟ್ಟು 80 ಎಂದು ಏಕೆ ಹೇಳಬೇಕು?

ನನ್ನ ತಂದೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್ ಜೋಡಿಸುತ್ತಿದ್ದರು. ಕೆಲಸಕ್ಕೆ ಹೋಗುತ್ತಿದ್ದದ್ದು ಮಾತ್ರ ಸೈಕಲ್ಲಿನಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹಾಗೆಯೇ. ಆಗ ಅದು ಬಡತನದ ಗುರುತು, ಸ್ಕೂಟರು ಬಂದಾಗ ಮನೆಯಲ್ಲಿ ಪಾಯಸ. 2017ರಲ್ಲಿ ನಮ್ಮೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳು ಬಂದಾಗ ಕಾಲ ಬದಲಾಯಿತು ಎಂದುಕೊಂಡಿದ್ದೆ. ಆದರೂ "ಗಾಡಿ ಇದ್ದೂ ಸೈಕಲ್ಲೇ?" ಎಂದು ಸಹೋದ್ಯೋಗಿಗಳು ಈಗಲೂ ಕೇಳುತ್ತಾರೆ. ನಮ್ಮ ಮೈಯಿಂದ ಕೆಲಸ ತೆಗೆದುಕೊಳ್ಳುವುದನ್ನೇ ಕೀಳೆಂದು ಕಲಿಸಿಬಿಟ್ಟಿದ್ದೇವೆ. ಆಮೇಲೆ ಅದೇ ಮೈಗೆ ಮಾತ್ರೆ ಕೊಡುತ್ತೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ತೆಳು ಟೈರಿನದ್ದನ್ನೇ ಆರಿಸಿದೆ. ಹಿಂದಿನ ಚಕ್ರಕ್ಕೆ ದುಪಟ್ಟಾ ಸಿಕ್ಕದಂತೆ ಜಾಲರಿ ಬೇಕು ಎಂದಾಗ, ಇ-ಸೈಕಲ್ಲಿಗೆ ಅದನ್ನು ಯಾರೂ ಕೇಳುವುದಿಲ್ಲ ಎಂದರು. ನಾನು ಕೇಳುತ್ತಿದ್ದೇನೆ, ಹಾಕಿಸಿಕೊಡಿ ಎಂದು ಹೇಳಿ ಮುಂಗಡ ಕೊಟ್ಟು ಬಂದೆ.